ಅರ್ಧಕ್ಕೆ ನಿಂತ ಕಣ್ಣು: ನನ್ನ ಗೊಂಬೆ ರಿಪೇರಿಯ ಅನುಭವ

ಬಿಸಾಕು ಅಂತಲೇ ಎಲ್ಲರೂ ಹೇಳಿದ್ದರು. ಗೊಂಬೆ ರಿಪೇರಿ ಮಾಡುವ ಇಬ್ಬರು ಗೆಳೆಯರೂ ಅದನ್ನೇ ಅಂದರು. ಈಗ ಗೊಂಬೆ ಸರಿಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಕ್ಕವನಿದ್ದಾಗ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದ ವಿನೈಲ್ ಗೊಂಬೆ ಅದು. ಮಲಗಿಸಿದರೆ ಕಣ್ಣು ಮುಚ್ಚುತ್ತದೆ, ಹೊಟ್ಟೆ ಒತ್ತಿದರೆ ಅಳುತ್ತದೆ. ಇಪ್ಪತ್ತೈದು ವರ್ಷದ ಮೇಲೆ ಅಟ್ಟದಿಂದ ಇಳಿಸಿದಾಗ ಒಂದು ಕಣ್ಣು ಅರ್ಧಕ್ಕೆ ನಿಂತಿತ್ತು. ಇನ್ನೊಂದಕ್ಕೆ ಪೊರೆ ಬಂದ ಹಾಗಿತ್ತು. ಹೊಸ ಸೆಲ್ ಹಾಕಿ ಒತ್ತಿದರೆ ಗೊಗ್ಗರು ದನಿಯಲ್ಲಿ ಎಳೆದು ಎಳೆದು ಅತ್ತಿತು. ಅಕ್ಕ ಅದರ ಮುಖವನ್ನು ಗೋಡೆಗೆ ತಿರುಗಿಸಿಟ್ಟಳು.

ಮೊದಲು ಕೆನ್ನೆ ಮೇಲಿನ ಪೆನ್ನಿನ ಗೀಟಿಗೆ ಕೈ ಹಾಕಿದೆ. ಹತ್ತು ಪರ್ಸೆಂಟ್ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಮೊಡವೆ ಕ್ರೀಮ್ ಬಳಿದು ನಾಲ್ಕೈದು ದಿನ ಬಿಸಿಲಿಗಿಟ್ಟೆ. ಗೀಟು ಹೋಯಿತು, ಜೊತೆಗೆ ಆ ಕೆನ್ನೆಯ ಕೆಂಪೂ ಹೋಯಿತು. ಒಂದು ಕೆನ್ನೆ ಹೆಣದ ಹಾಗೆ ಬಿಳುಚಿಕೊಂಡಿತು!

ಆಮೇಲೆ ಕಣ್ಣು. ತಲೆ ಬಿಚ್ಚಲು ಬಿಸಿನೀರಲ್ಲಿ ಅದ್ದಿದ್ದೇ ತಪ್ಪಾಯಿತು. ಕಣ್ಣಿನ ಬಟ್ಟಲೊಳಗೆ ನೀರು ನಿಂತು ತಂತಿ ತುಕ್ಕು ಬಿಟ್ಟಿತು. ಬೆಳಿಗ್ಗೆ ನೋಡಿದರೆ ಕಣ್ಣಂಚಿನಿಂದ ಗಲ್ಲದವರೆಗೆ ಕಂದು ಗೆರೆ ಇಳಿದಿತ್ತು, ರಕ್ತದ ಕಣ್ಣೀರಿನ ಹಾಗೆ. ನಾನೇ ಬೆಚ್ಚಿದೆ. ಬಿಸಿನೀರಿನ ಬದಲು ಹೇರ್ ಡ್ರೈಯರ್ ಹಿಡಿಯಿರಿ, ಮೂರ್ನಾಲ್ಕು ನಿಮಿಷಕ್ಕೆ ಕತ್ತು ಮೆತ್ತಗಾಗುತ್ತದೆ.

ಬದಲಿ ಕಣ್ಣು ಎರಡು ಜೊತೆ ತರಿಸಿದೆ. ಹಾಕಿದರೆ ಅದು ನನ್ನ ಗೊಂಬೆಯ ಮುಖವೇ ಅಲ್ಲ. ಒಟ್ಟು ಖರ್ಚಿನಲ್ಲಿ ಅಂಥ ಹೊಸ ಗೊಂಬೆಗಳೇ ಎರಡು ಬರುತ್ತಿದ್ದವು, ಅದರಲ್ಲಿ ಅರ್ಧ ಈ ಕಣ್ಣುಗಳಿಗೇ ಹೋಯಿತು.

ಕೊನೆಗೆ ಹಳೆಯ ಕಣ್ಣಿಗೇ ವಾಪಸ್ ಬಂದೆ. ತಂತಿಯ ತುದಿಗೆ ಸಿರಿಂಜಿನಿಂದ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ. ಪೊರೆ ಬಂದ ಕಣ್ಣಿಗೆ ಹಿಂದಿನಿಂದ ಇನ್ನೊಂದು ಹನಿ ಬಿಟ್ಟು, ಎರಡು ದಿನ ಮುಖ ಕೆಳಗೆ ಮಾಡಿ ಇಟ್ಟೆ. ಮುಕ್ಕಾಲು ಪಾಲು ತಿಳಿಯಾಯಿತು.

ಆದರೂ ಭಯ ಹೋಗಲಿಲ್ಲ. ಮಲಗಿಸಿದರೆ ಒಂದು ಕಣ್ಣು ಮೊದಲು ಮುಚ್ಚುತ್ತಿತ್ತು, ಇನ್ನೊಂದು ಒಂದು ಗಳಿಗೆ ನಮ್ಮನ್ನೇ ನೋಡುತ್ತಿತ್ತು. ಇಷ್ಟು ದಿನ ಹೆದರಿಸಿದ್ದು ಇದೇ! ಮಲಗಿಸಿದಾಗ ಕಣ್ಣು ಮುಚ್ಚಿಸುವುದು ಅದರ ಹಿಂದಿನ ಪುಟ್ಟ ತೂಕ, ಎರಡು ಕಣ್ಣಿನದೂ ಸಮ ಬೀಳಬೇಕು. ಹತ್ತು ಹನ್ನೊಂದು ಸಲ ಸೋತ ಮೇಲೆ ಸರಿಯಾಯಿತು. ಏನು ಅಂಟಿಸಿದೆ, ಎಲ್ಲಿ ಅಂಟಿಸಿದೆ ಅಂತ ಮಾತ್ರ ಹೇಳಲ್ಲ. ಅದು ನನ್ನ ಕಷ್ಟದ ಗಳಿಕೆ. ಹಳೇ ಗೊಂಬೆಯ ತೂಕ ಸೀಸದ್ದಿರಬಹುದು, ಗ್ಲೌಸ್ ಹಾಕಿಕೊಳ್ಳಿ.

ದನಿಯ ಕೆಲಸ ಸುಲಭವಾಗಿತ್ತು. ಸೆಲ್ ಕೂರುವ ಪಟ್ಟಿಗೆ ಹಸಿರು ಕಿಲುಬು ಹಿಡಿದು ಕರೆಂಟ್ ಸರಿಯಾಗಿ ಹೋಗುತ್ತಿರಲಿಲ್ಲ. ವಿನಿಗರ್‌ನಲ್ಲಿ ಇಯರ್ ಬಡ್ ಅದ್ದಿ ಉಜ್ಜಿದೆ, ಮಗುವಿನ ಅಳು ವಾಪಸ್ ಬಂತು. 1890ರಲ್ಲಿ ಎಡಿಸನ್ ಮಾರಾಟಕ್ಕೆ ತಂದ ಮಾತಾಡುವ ಗೊಂಬೆಯ ದನಿ ಕೇಳಿದ್ದೀರಾ? ಮೈ ಜುಮ್ಮೆನ್ನುತ್ತದೆ. ದನಿ ಕೆಟ್ಟರೆ ಎಷ್ಟು ಚೆಂದದ ಮುಖವಿದ್ದರೂ ಅಷ್ಟೇ.

ಕೆನ್ನೆಗೆ ಇನ್ನೂ ಬಣ್ಣ ಹಚ್ಚಿಲ್ಲ. ಮೊನ್ನೆ ಅಕ್ಕ ತಾನಾಗಿಯೇ ಗೊಂಬೆಯನ್ನು ಎತ್ತಿಕೊಂಡಳು. ಮಲಗಿಸಿದಳು, ಎಬ್ಬಿಸಿದಳು, ಮತ್ತೆ ಮಲಗಿಸಿದಳು. ಎರಡೂ ಕಣ್ಣು ಒಟ್ಟಿಗೇ ಮುಚ್ಚಿದವು. "ಮೊದಲೂ ಹೀಗೇ ಇತ್ತು ಅಲ್ವಾ?" ಅಂದಳು.