ಇಳಿವಯಸ್ಸಿನಲ್ಲಿ ಮಿದುಳಿನ ಆರೈಕೆ: ವ್ಯಾಯಾಮ, ಆಹಾರ, ಕೊನೆಯಲ್ಲಿ ಮಾತ್ರೆ

ಅರವತ್ತು ದಾಟಿದ ಮೇಲೆ ಪರಿಚಿತರ ಹೆಸರು ಥಟ್ಟನೆ ನೆನಪಿಗೆ ಬಾರದಿದ್ದಾಗ ಹೆಚ್ಚಿನವರು ಮೊದಲು ವಿಚಾರಿಸುವುದು ನೆನಪಿನ ಶಕ್ತಿ ಹೆಚ್ಚಿಸುವ ಮಾತ್ರೆಯ ಬಗ್ಗೆ. ಇದುವರೆಗಿನ ಸಂಶೋಧನೆಗಳನ್ನು ಗಮನಿಸಿದರೆ ಈ ಕ್ರಮ ತಲೆಕೆಳಗಾಗಿದೆ ಎನ್ನಬೇಕು. ವ್ಯಾಯಾಮಕ್ಕೆ ಮೊದಲ ಸ್ಥಾನ, ಆಹಾರಕ್ಕೆ ಅದರ ಪಕ್ಕದ ಸ್ಥಾನ; ಪೂರಕಗಳ, ಅಂದರೆ ವಿಟಮಿನ್ ಮುಂತಾದ ಮಾತ್ರೆಗಳ, ಸರದಿ ಬರುವುದು ಕೊರತೆ ಇರುವುದು ಖಚಿತವಾದಾಗ.

ದೇಹದ ತೂಕದಲ್ಲಿ ಸುಮಾರು ಶೇ 2ರಷ್ಟಿರುವ ಮಿದುಳು ನಾವು ವಿಶ್ರಾಂತಿಯಲ್ಲಿದ್ದಾಗಲೂ ದೇಹ ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ಬಳಸುತ್ತದೆ. ಆ ಶಕ್ತಿ ತಲುಪುವುದು ಅತಿ ಸೂಕ್ಷ್ಮ ರಕ್ತನಾಳಗಳ ಮೂಲಕವಾದ್ದರಿಂದ, ರಕ್ತನಾಳಗಳಿಗೆ ಹಾನಿ ಮಾಡುವ ಅಧಿಕ ರಕ್ತದೊತ್ತಡ, ಮಧುಮೇಹ, ಧೂಮಪಾನಗಳು ಮಿದುಳಿಗೂ ಹಾನಿಯನ್ನೇ ಮಾಡುತ್ತವೆ. ಆದ್ದರಿಂದ ಯಾವ ಹೊಸ ಅಭ್ಯಾಸವನ್ನಾದರೂ ಆರಂಭಿಸುವ ಮೊದಲು ರಕ್ತದೊತ್ತಡ, ಸಕ್ಕರೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿಕೊಳ್ಳಿ. ಅಮೆರಿಕದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ, ರಕ್ತದೊತ್ತಡದ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗೆ ಇಡುವ ಗುರಿಯಿಂದ ಚಿಕಿತ್ಸೆ ಪಡೆದವರಲ್ಲಿ ಸೌಮ್ಯ ಅರಿವಿನ ಕೊರತೆ, ಅಂದರೆ ವಯಸ್ಸಿಗೆ ಸಹಜವಾದುದಕ್ಕಿಂತ ಹೆಚ್ಚಾಗಿ ನೆನಪು, ಯೋಚನಾಶಕ್ತಿ ಕುಂದುವುದು, ಕಡಿಮೆ ಕಂಡುಬಂದಿತು. ನೆನಪಿನ ಶಕ್ತಿಗೆಂದು ಮಾರಾಟವಾಗುವ ಬಹುಪಾಲು ಡಬ್ಬಿಗಳ ಬೆನ್ನಿಗೆ ಇಂಥ ಪುರಾವೆಯಿಲ್ಲ. ನಿಮ್ಮ ಗುರಿ ಎಷ್ಟಿರಬೇಕೆಂಬುದನ್ನು ಮಾತ್ರ ವೈದ್ಯರೇ ನಿರ್ಧರಿಸಬೇಕು. ಒತ್ತಡ ಅತಿಯಾಗಿ ಇಳಿದರೆ ತಲೆಸುತ್ತಿ ಬೀಳುವ ಅಪಾಯವಿರುತ್ತದೆ.

65 ವರ್ಷ ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ನೀಡಿದ ಸಲಹೆಯಲ್ಲಿ ಮೂರು ಭಾಗಗಳಿವೆ: ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮತ್ತು ಕನಿಷ್ಠ ಮೂರು ದಿನ ಸಮತೋಲನವನ್ನೂ ಬಲವನ್ನೂ ಒಟ್ಟಿಗೆ ಬೆಳೆಸುವ ಅಭ್ಯಾಸ. ಶ್ರಮ ಮಧ್ಯಮ ಮಟ್ಟದಲ್ಲಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ನಡೆಯುತ್ತಿರುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಕಷ್ಟವಾದರೆ ವೇಗ ಸರಿಯಾಗಿದೆ ಎಂದರ್ಥ. ಇಷ್ಟು ದಿನ ಏನೂ ಮಾಡದೆ ಇದ್ದವರು ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ, ದೇಹ ಒಗ್ಗಿದಂತೆ ಪ್ರತಿ ವಾರ ಕೆಲವು ನಿಮಿಷಗಳನ್ನು ಸೇರಿಸುತ್ತ ಹೋಗಬಹುದು. ನಡಿಗೆಯ ಫಲ ಮಿದುಳಿನ ರಚನೆಯಲ್ಲೂ ಕಾಣಿಸುತ್ತದೆ: 2011ರಲ್ಲಿ ಪ್ರಕಟವಾದ, 120 ಹಿರಿಯರನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಒಂದು ವರ್ಷ ನಿಯಮಿತವಾಗಿ ನಡೆದವರ ಹಿಪೊಕ್ಯಾಂಪಸ್, ಅಂದರೆ ನೆನಪುಗಳನ್ನು ರೂಪಿಸುವ ಭಾಗ, ಸುಮಾರು ಶೇ 2ರಷ್ಟು ಹಿಗ್ಗಿತು, ಕೇವಲ ಮೈ ಚಾಚುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತು.

ನಡಿಗೆಯೊಂದೇ ಸಾಕೆಂದು ನಂಬಿರುವವರು ಬಹಳ. ಆದರೆ ನಡಿಗೆಯಿಂದ ಸ್ನಾಯುಗಳ ಸವಕಳಿ ನಿಲ್ಲುವುದಿಲ್ಲ, ಆದ್ದರಿಂದ ಬಲದ ವ್ಯಾಯಾಮವನ್ನು ಬಿಡುವಂತಿಲ್ಲ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಏಳುವುದು ಮತ್ತು ನಿಧಾನವಾಗಿ ಕೂರುವುದು, ಗೋಡೆಗೆ ಅಂಗೈ ಊರಿ ದೇಹವನ್ನು ಹಿಂದಕ್ಕೆ ತಳ್ಳುವುದು, ಹಿಮ್ಮಡಿ ಎತ್ತಿ ಬೆರಳುಗಳ ಮೇಲೆ ನಿಲ್ಲುವುದು, ಇಷ್ಟರಿಂದ ಆರಂಭಿಸಿದರೆ ಸಾಕು. ಪ್ರತಿಯೊಂದನ್ನೂ ಎಂಟರಿಂದ ಹನ್ನೆರಡು ಬಾರಿ ಮಾಡಿ; ಅದು ಸಲೀಸಾದ ಮೇಲೆ ಕೈಯಲ್ಲಿ ತೂಕ ಹಿಡಿಯಬೇಕು, ಏಕೆಂದರೆ ಭಾರ ಹೆಚ್ಚದೆ ಸ್ನಾಯು ಬಲಗೊಳ್ಳುವುದಿಲ್ಲ. ಸಮತೋಲನಕ್ಕಾಗಿ ಗೋಡೆಯ ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುವುದನ್ನು ರೂಢಿಸಿಕೊಳ್ಳಿ. ನಡೆಯುವಾಗ ಎದೆನೋವು, ಅಸಹಜ ಏದುಸಿರು ಅಥವಾ ತಲೆಸುತ್ತು ಕಂಡುಬಂದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ವ್ಯಾಯಾಮ ಮಾಡಿಯೂ ಊಟದಲ್ಲಿ ಪ್ರೋಟೀನ್ ಸಾಲದಿದ್ದರೆ ಸ್ನಾಯು ಬೆಳೆಯದು. ವಯಸ್ಸಾದ ದೇಹ ಪ್ರೋಟೀನಿಗೆ ಮಂದವಾಗಿ ಸ್ಪಂದಿಸುವುದರಿಂದ, ಆರೋಗ್ಯವಂತ ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂಬುದು ಅನೇಕ ತಜ್ಞರ ಅಭಿಪ್ರಾಯ. ಅಂದರೆ 60 ಕಿಲೋ ತೂಕದವರಿಗೆ 60ರಿಂದ 72 ಗ್ರಾಂ. ಅದನ್ನು ಒಂದೇ ಹೊತ್ತಿಗೆ ತಿನ್ನದೆ ಮೂರು ಹೊತ್ತಿಗೂ ಹಂಚಿಕೊಳ್ಳುವುದು ಒಳ್ಳೆಯದು. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಉಳಿದಂತೆ ಸೊಪ್ಪು, ತರಕಾರಿ, ಕಾಳು, ಇಡೀ ಧಾನ್ಯ, ಬೀಜಗಳು, ತಿನ್ನುವವರಿಗೆ ಮೀನು, ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬ ಪರಿಚಿತ ಸಲಹೆಗೆ ಸೇರಿಸಬೇಕಾದುದು ಹೆಚ್ಚಿಲ್ಲ. ಮಿದುಳಿಗೆಂದೇ ರೂಪಿಸಿದ ಮೈಂಡ್ ಆಹಾರಕ್ರಮವನ್ನು ಮೂರು ವರ್ಷ ಪಾಲಿಸಿದವರಿಗೂ, ಕ್ಯಾಲೊರಿಯನ್ನಷ್ಟೇ ತುಸು ತಗ್ಗಿಸಿ ತಮ್ಮ ಎಂದಿನ ಊಟ ಮಾಡಿದವರಿಗೂ ಅರಿವಿನ ಸಾಮರ್ಥ್ಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು 2023ರ ಪ್ರಯೋಗವೊಂದು ತಿಳಿಸಿದೆ. ಆದ್ದರಿಂದ ಯಾವುದೋ ಒಂದು ಹಣ್ಣನ್ನು ಮಿದುಳಿನ ಆಹಾರವೆಂದು ಹೊಗಳುವವರನ್ನು ಅನುಮಾನದಿಂದಲೇ ನೋಡಬೇಕು.

ಪೂರಕಗಳಲ್ಲಿ ಮೊದಲು ವಿಚಾರಿಸಬೇಕಾದುದು ವಿಟಮಿನ್ ಬಿ12. ಇದರ ಕೊರತೆಯಿಂದ ಮರೆವು, ಕಾಲುಗಳಲ್ಲಿ ಜೋಮು, ನಡಿಗೆಯಲ್ಲಿ ಅಸ್ಥಿರತೆ ಉಂಟಾಗಬಹುದು. ಬೇಗ ಪತ್ತೆಯಾದರೆ ಚಿಕಿತ್ಸೆಯಿಂದ ಸುಧಾರಣೆಯೂ ಸಾಧ್ಯ. ಜಠರದ ಆಮ್ಲ ಕಡಿಮೆಯಾದ ಹಿರಿಯರು, ಕಟ್ಟುನಿಟ್ಟಿನ ಸಸ್ಯಾಹಾರಿಗಳು, ಬಹುಕಾಲ ಮಧುಮೇಹದ ಔಷಧಿಯಾದ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆ ಸೇವಿಸುತ್ತಿರುವವರು ಇದನ್ನು ಪರೀಕ್ಷಿಸಿಕೊಳ್ಳಬೇಕು. ಪರೀಕ್ಷೆಯಿಲ್ಲದೆ ಫೋಲಿಕ್ ಆಮ್ಲವನ್ನು ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ಬಿ12 ಕೊರತೆಯ ರಕ್ತಹೀನತೆ ಮರೆಯಾಗಿ, ನರಗಳ ಹಾನಿ ಮಾತ್ರ ಸದ್ದಿಲ್ಲದೆ ಮುಂದುವರಿಯಬಹುದು. ವಿಟಮಿನ್ ಡಿ ಕೊರತೆಯನ್ನು ಸರಿಪಡಿಸುವುದು ಮೂಳೆಗೆ ಅಗತ್ಯ. ಆದರೆ ಕೊರತೆಯಿಲ್ಲದವರಿಗೆ ಹೆಚ್ಚುವರಿ ಮಾತ್ರೆಯಿಂದ ಮೂಳೆಮುರಿತ ಕಡಿಮೆಯಾಗಲಿಲ್ಲವೆಂಬುದು ವೈಟಲ್ ಎಂಬ ದೊಡ್ಡ ಅಧ್ಯಯನದಲ್ಲಿ ಕಂಡುಬಂದಿದೆ. ನೆನಪಿನ ಶಕ್ತಿಗೆಂದು ಮಾರುವ, ಗಿಂಕೊ ಬಿಲೋಬಾ ಎಂಬ ಮರದ ಎಲೆಯ ಸಾರ ಮೂರು ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2008ರಲ್ಲಿ ವರದಿಯಾದ ಪ್ರಯೋಗದಲ್ಲಿ ಡಿಮೆನ್ಶಿಯಾವನ್ನು, ಅಂದರೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಅರಿವು ಕುಂದುವ ಸ್ಥಿತಿಯನ್ನು, ತಡೆಯಲಿಲ್ಲ; ರಕ್ತ ತೆಳುವಾಗಿಸುವ ಔಷಧಿಯ ಜೊತೆ ಅದನ್ನು ಸೇವಿಸಿದರೆ ರಕ್ತಸ್ರಾವದ ಭಯವೂ ಉಂಟು. ದಿನವೂ ಸೇವಿಸುವ ಮಲ್ಟಿವಿಟಮಿನ್ ನೆನಪಿಗೆ ಅಲ್ಪ ಪ್ರಯೋಜನ ನೀಡಬಹುದೆಂದು ಕಾಸ್ಮೋಸ್ ಅಧ್ಯಯನ ಸೂಚಿಸಿದೆ, ಆದರೆ ಅದು ವ್ಯಾಯಾಮಕ್ಕೆ ಬದಲಿಯಾಗಲಾರದು.

ವೈದ್ಯರ ಬಳಿ ಹೋಗುವಾಗ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ, ಗಿಡಮೂಲಿಕೆಯ ಪುಡಿಗಳನ್ನೂ ಸೇರಿಸಿ, ಪಟ್ಟಿ ಮಾಡಿಕೊಂಡು ಹೋಗಿ. ಹೆಸರು ಮರೆತು ಆಮೇಲೆ ನೆನಪಾಗುವುದಕ್ಕೆ ಹೆದರಬೇಕಾಗಿಲ್ಲ. ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ತಿಳಿಯದಾಗುವುದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಪ್ರಯತ್ನಿಸದೆ ತೂಕ ಇಳಿಯುವುದು ಇವುಗಳಲ್ಲಿ ಯಾವುದು ಕಂಡುಬಂದರೂ ತಡಮಾಡದೆ ತಪಾಸಣೆ ಮಾಡಿಸಬೇಕು. ಆಗ ಬಿ12 ಮತ್ತು ಥೈರಾಯ್ಡ್ ಪರೀಕ್ಷೆಯ ಜೊತೆಗೆ ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ, ಏಕೆಂದರೆ ಚಿಕಿತ್ಸೆ ಪಡೆಯದ ಶ್ರವಣದೋಷವೂ ಡಿಮೆನ್ಶಿಯಾದ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲಿ ಒಂದಾಗಿದೆ.