ಈ ಸೀರೀಸ್ ಮಕ್ಕಳು ನೋಡಬಹುದಾ? ಒಂದು ರಾತ್ರಿ ನೀವು ಮೊದಲು ಕೂತು ನೋಡಿ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಹನ್ನೊಂದು ಗಂಟೆಗೇ ಬೀದಿ ಖಾಲಿ. ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಮಕ್ಕಳಿಗೆ ರಜೆ. ಹೊರಗೆ ಬಿಸಿಲು, ಒಳಗೆ ಕೂಲರ್, ಕೂಲರ್ ಮುಂದೆ ಟಿವಿ.

ಹೋದ ಬೇಸಿಗೆಯಲ್ಲಿ ಇಂಥದೇ ಒಂದು ಮಧ್ಯಾಹ್ನ, ಒಂಬತ್ತನೇ ಕ್ಲಾಸಿಗೆ ಹೋಗಬೇಕಿದ್ದ ನನ್ನ ಮಗಳು ಒಂದು ಸೀರೀಸ್ ಹೆಸರು ಹೇಳಿದಳು. "ಕ್ಲಾಸಿನಾಗ ಎಲ್ಲಾರೂ ನೋಡ್ಯಾರ ಮಮ್ಮಿ, ನಾ ಒಬ್ಬಾಕಿನೇ ಉಳಿದೀನಿ." ಪೋಸ್ಟರ್‌ನಲ್ಲಿ ಯೂನಿಫಾರ್ಮ್ ಹಾಕಿದ ಹುಡುಗ ಹುಡುಗಿಯರು. ನಾನು ರೊಟ್ಟಿ ಬಡಿಯುತ್ತಿದ್ದೆ, ಹೂಂ ಅಂದೆ. ಕೈ ಒರೆಸಿಕೊಂಡು ಹಾಲ್‌ಗೆ ಬರುವಷ್ಟರಲ್ಲಿ ಎರಡನೇ ಕಂತು ಓಡುತ್ತಿತ್ತು. ಶಾಲೆಯ ಬಾತ್‌ರೂಮಿನಲ್ಲಿ ನಾಲ್ಕು ಹುಡುಗರು ಒಬ್ಬನನ್ನು ಹಿಡಿದು ಬಡಿಯುತ್ತಿದ್ದಾರೆ, ಇನ್ನೊಬ್ಬ ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದಾನೆ. ಮಗಳು ಮುಖವನ್ನು ಕೂಲರ್ ಕಡೆ ತಿರುಗಿಸಿ ಕೂತಿದ್ದಳು. ಬೆರಳು ಮಾತ್ರ ಚಾಪೆಯ ಎಳೆಯನ್ನು ಒಂದೊಂದಾಗಿ ಕೀಳುತ್ತಿತ್ತು. ಬಂದ್ ಮಾಡಬಹುದಿತ್ತಲ್ಲ ಅಂದರೆ, "ಇಷ್ಟು ನೋಡಿದ ಮ್ಯಾಲ ಮುಂದೇನಾಯ್ತಂತ ಗೊತ್ತಾಗಬೇಕಲ್ಲ" ಅಂದಳು.

ಆವತ್ತಿನಿಂದ ನಾನು ಈ ಕೆಲಸವನ್ನು ಸರಿಯಾಗಿ ಮಾಡುತ್ತೇನೆ. ಹೇಗೆ ಅಂತ ಹೇಳುತ್ತೇನೆ.

ಮೊದಲು, ವಯಸ್ಸಿನ ಗುರುತು ಓದಿ

ಸಿನಿಮಾಕ್ಕೆ ಸೆನ್ಸಾರ್ ಬೋರ್ಡ್ ಇದೆ. ನೆಟ್‌ಫ್ಲಿಕ್ಸ್‌ನಂಥ, ಇಂಟರ್ನೆಟ್ ಮೂಲಕ ಸೀರೀಸ್ ತೋರಿಸುವ ಒಟಿಟಿಯಲ್ಲಿ ಹಾಗಿಲ್ಲ. 2021ರ ಫೆಬ್ರುವರಿಯಲ್ಲಿ ಬಂದ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ, ಸೀರೀಸ್ ತೋರಿಸುವ ಕಂಪನಿಯೇ ಅದಕ್ಕೆ ವಯಸ್ಸಿನ ಗುರುತು ಹಾಕುತ್ತದೆ. ಐದು ಗುರುತುಗಳಿವೆ: ಯು, ಯು/ಎ 7+, ಯು/ಎ 13+, ಯು/ಎ 16+, ಎ. 'ಯು' ಎಲ್ಲರಿಗೂ, 'ಎ' ದೊಡ್ಡವರಿಗೆ ಮಾತ್ರ. ನಡುವಿನ ಮೂರರಲ್ಲೂ ಆ ವಯಸ್ಸಿಗಿಂತ ಚಿಕ್ಕವರು ನೋಡುವುದಾದರೆ ತಂದೆ ತಾಯಿಯ ಮಾರ್ಗದರ್ಶನ ಇರಬೇಕು. ಅಂದರೆ 16+ ಅಂತ ಬರೆದಿದ್ದರೆ ತೀರ್ಮಾನ ಕಂಪನಿಯದ್ದಲ್ಲ, ನಮ್ಮದು.

ಆ ಅಂಕಿಗಿಂತ ಅದರ ಪಕ್ಕದ ಪದಗಳು ಮುಖ್ಯ. ಹಿಂಸೆ, ಬೈಗುಳ, ಲೈಂಗಿಕ ದೃಶ್ಯ, ಮಾದಕ ವಸ್ತು, ಹೀಗೆ ಒಳಗೆ ಏನಿದೆ ಅನ್ನುವುದನ್ನು ಶುರುವಿನಲ್ಲೇ ತೋರಿಸಬೇಕು ಅಂತ ನಿಯಮ ಇದೆ. ಕೆಲವೇ ಸೆಕೆಂಡು ಇರುತ್ತದೆ, ಅಲ್ಲೇ ನಿಲ್ಲಿಸಿ ಓದಿ. ಬೈಗುಳಕ್ಕೆ 16+ ಬಿದ್ದಿರುವುದು ಬೇರೆ, ಆತ್ಮಹತ್ಯೆಯ ವಿಷಯಕ್ಕೆ 16+ ಬಿದ್ದಿರುವುದು ಬೇರೆ, ಅಲ್ವಾ?

ಟಿವಿ ಚಾನೆಲ್‌ನ ಧಾರಾವಾಹಿಗಳಿಗೆ ಪ್ರಸಾರಕ್ಕೆ ಮುಂಚೆ ಸೆನ್ಸಾರ್ ಸರ್ಟಿಫಿಕೇಟ್ ಬೇಕಿಲ್ಲ. 1995ರ ಕೇಬಲ್ ಟಿವಿ ಕಾಯ್ದೆಯ ಕೆಳಗಿರುವ ಕಾರ್ಯಕ್ರಮ ಸಂಹಿತೆಯನ್ನು ಪಾಲಿಸಬೇಕು, ಅಷ್ಟೇ. ಸೊಸೆಯ ಹಾಲಿಗೆ ವಿಷ ಬೆರೆಸುವುದನ್ನು ಊಟದ ಹೊತ್ತಿಗೆ ಮನೆಮಂದಿಯೆಲ್ಲ ನೋಡಿ ರೂಢಿಯಾಗಿದೆ ನಮಗೆ. ಅದನ್ನೂ ಇದೇ ಕಣ್ಣಿನಿಂದ ನೋಡಬೇಕು ಅನ್ನುತ್ತೇನೆ ನಾನು.

ಆಮೇಲೆ, ನೋಡಿದವರು ಬರೆದಿದ್ದನ್ನು ಓದಿ

ಸಿನಿಮಾ, ಸೀರೀಸ್‌ಗಳ ಮಾಹಿತಿ ಕೊಡುವ ಐಎಂಡಿಬಿ ಅನ್ನುವ ವೆಬ್‌ಸೈಟ್‌ನಲ್ಲಿ ಪೋಷಕರಿಗೆ ಅಂತಲೇ ಒಂದು ಭಾಗ ಇದೆ. ಯಾವ ಥರದ ದೃಶ್ಯ ಎಷ್ಟಿದೆ ಅಂತ ನೋಡಿದವರೇ ಬರೆದಿರುತ್ತಾರೆ. ಕಾಮನ್ ಸೆನ್ಸ್ ಮೀಡಿಯಾ ಅನ್ನುವ ಅಮೆರಿಕದ ಸಂಸ್ಥೆ ಎಷ್ಟು ವಯಸ್ಸಿನವರಿಗೆ ಸರಿ ಅಂತ ಹೇಳುತ್ತದೆ. ಇಂಗ್ಲಿಷ್ ತೊಡಕಾದರೆ ಮೊಬೈಲ್‌ನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳಿ. ಕಥೆಯ ಗುಟ್ಟು ಬಯಲಾಗುತ್ತದೆ, ಆಗಲಿ ಬಿಡಿ.

ಪಾತ್ರಗಳು ಶಾಲೆಯ ಮಕ್ಕಳು, ಹಾಗಾಗಿ ಸೀರೀಸ್ ಕೂಡ ಅವರಿಗೇ ಅಂದುಕೊಳ್ಳಬೇಡಿ. ನಾನು ಎಡವಿದ್ದು ಅಲ್ಲೇ. ನೆಟ್‌ಫ್ಲಿಕ್ಸ್‌ನಲ್ಲಿ 2017ರಲ್ಲಿ ಬಂದ 'ಥರ್ಟೀನ್ ರೀಸನ್ಸ್ ವೈ' ಶಾಲೆಯ ಹುಡುಗಿಯೊಬ್ಬಳ ಆತ್ಮಹತ್ಯೆಯ ಕಥೆ. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ ಆ ಸಾವನ್ನು ಬಿಡಿಸಿ ತೋರಿಸಿದ್ದರು. ಮಾನಸಿಕ ಆರೋಗ್ಯ ತಜ್ಞರು ಬೇಡ ಅಂದರು. 2019ರ ಜುಲೈನಲ್ಲಿ ಕಂಪನಿ ಆ ದೃಶ್ಯವನ್ನು ತೆಗೆದುಹಾಕಿತು. ನಡುವೆ ಎರಡು ವರ್ಷ ಕಳೆದಿತ್ತು, ನೋಡುವ ಮಕ್ಕಳು ಅಷ್ಟೊತ್ತಿಗೆ ನೋಡಿ ಮುಗಿಸಿದ್ದರು.

ಈಗ ನೀವೇ ನೋಡಿ, ಹೆಚ್ಚಿನ ಕೆಲಸ ಇಲ್ಲೇ ಇದೆ

ಪೂರ್ತಿ ನೋಡಲು ಯಾರಿಗೆ ಟೈಮ್ ಇದೆ? ನಾನು ಮೂರು ಕಂತು ನೋಡುತ್ತೇನೆ. ಮೊದಲನೆಯದು, ನಡುವಿನದೊಂದು, ಕೊನೆಯದು. ಮೊದಲ ಕಂತು ಎಷ್ಟೋ ಸಲ ಮೆತ್ತಗೇ ಇರುತ್ತದೆ, ಅದೊಂದನ್ನೇ ನೋಡಿ ಹೂಂ ಅನ್ನಬೇಡಿ. ಎಲ್ಲರೂ ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂತು, ಹಾಲಿನ ಲೆಕ್ಕದ ಬುಕ್ಕಿನ ಹಿಂದಿನ ಹಾಳೆಯಲ್ಲಿ ಯಾವ ಕಂತು, ಎಷ್ಟನೇ ನಿಮಿಷ ಅಂತ ಗುರುತು ಹಾಕಿಕೊಳ್ಳುತ್ತೇನೆ.

ಮಗು ಯಾವ ಭಾಷೆಯಲ್ಲಿ ನೋಡುತ್ತದೋ ಅದೇ ಭಾಷೆಯಲ್ಲಿ ನೋಡಿ. ನಮ್ಮ ಕಲಬುರಗಿ, ಬೀದರ್ ಕಡೆ ಇದು ತುಂಬಾ ಮುಖ್ಯ. ಇಲ್ಲಿನ ಮಕ್ಕಳು ಓಣಿಯಲ್ಲಿ ಆಡುತ್ತ ಆಡುತ್ತಲೇ ಹಿಂದಿ, ದಖ್ಖನಿ ಕಲಿತಿರುತ್ತಾರೆ. ಇಂಗ್ಲಿಷ್ ಬೈಗುಳ ಕಿವಿ ಮೇಲೆ ಹಾದುಹೋಗಬಹುದು, ಅದೇ ಮಾತು ಹಿಂದಿ ಡಬ್ಬಿಂಗ್‌ನಲ್ಲಿ ನೆಟ್ಟಗೆ ಬಂದು ತಾಗುತ್ತದೆ. ಭಾಷೆ ಬದಲಾದರೆ ಆಡುವ ಮಾತಿನ ಬಿಸಿಯೂ ಬದಲಾಗುತ್ತದೆ.

ನೋಡುವಾಗ ರಕ್ತ ಎಷ್ಟು ಹರಿಯಿತು ಅಂತ ಲೆಕ್ಕ ಹಾಕುತ್ತ ಕೂರಬೇಡಿ. ಏಟು ಬಿದ್ದ ಮೇಲೆ ಏನಾಗುತ್ತದೆ ನೋಡಿ. ಬಡಿಸಿಕೊಂಡವನ ಮನೆಗೆ ಕಥೆ ಹೋಗುತ್ತದಾ, ಅವನ ತಾಯಿಯ ಮುಖ ಕಾಣುತ್ತದಾ, ಬಡಿದವನಿಗೆ ಏನಾದರೂ ಆಗುತ್ತದಾ? ಇಲ್ಲಾ, ಹಾಡು ಹಾಕಿ ಮುಂದಿನ ದೃಶ್ಯಕ್ಕೆ ಹಾರಿಬಿಡುತ್ತದಾ? ಇನ್ನೊಂದು, ಕೈ ಕುಯ್ದುಕೊಳ್ಳುವುದು, ನಶೆ ಮಾಡುವುದು, ಇಂಥದ್ದನ್ನು ಹೀಗೇ ಮಾಡಬೇಕು ಅಂತ ಪಾಠ ಮಾಡಿದ ಹಾಗೆ ತೋರಿಸಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಮುಂದೆ ಯೋಚನೆಯೇ ಇಲ್ಲ.

ನನಗೆ ಜಾಸ್ತಿ ಭಯ ಇರುವುದು ರಕ್ತದ್ದಲ್ಲ. ಒಂದು ಸಾವು ಆಗಿ, ಆ ಮನೆಯವರ ದುಃಖವನ್ನು ಇಡೀ ಕಂತು ತೋರಿಸುವ ಸೀರೀಸನ್ನು ಹದಿನಾರರ ಮಗುವಿನ ಜೊತೆ ಕೂತು ನೋಡಬಹುದು. ಆದರೆ ಒಂದು ಹನಿ ರಕ್ತ ಇಲ್ಲದೆ, ಬೇಡ ಬೇಡ ಅನ್ನುವ ಹುಡುಗಿಯ ಹಿಂದೆ ಹೀರೊ ಹತ್ತು ಕಂತು ಬೈಕ್ ಓಡಿಸಿ, ಕೊನೆಗೆ ಅವಳೇ ನಕ್ಕು ಒಪ್ಪಿಕೊಳ್ಳುವ ಕಥೆ ಇರುತ್ತದಲ್ಲ, ಅದರ ಮೇಲೆ 13+ ಅಂತಿದ್ದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಮಗಳಿಗಷ್ಟೇ ಅಲ್ಲ, ಮಗನಿದ್ದರೆ ಅವನಿಗೆ ಇನ್ನೂ ಜಾಸ್ತಿ ಯೋಚನೆ ಮಾಡಬೇಕು.

ನಿಮ್ಮ ಮಗು ಹೇಗಿದೆ ಅನ್ನುವುದು ನಿಮಗೇ ಗೊತ್ತು

ನನ್ನ ಅಕ್ಕನ ಮಗನಿಗೆ ಹದಿನಾರು. ಕೊಲೆ, ಗುಂಡೇಟು ಯಾವುದಕ್ಕೂ ಕಣ್ಣು ಮಿಟುಕಿಸುವುದಿಲ್ಲ. ಆದರೆ ಅವನ ಅಜ್ಜ ಐಸಿಯುನಲ್ಲಿ ತೀರಿಕೊಂಡ ಮೇಲೆ ಆಸ್ಪತ್ರೆಯ ಮಾನಿಟರ್ ಸದ್ದು ಕೇಳಿದರೆ ಎದ್ದು ಹೋಗುತ್ತಾನೆ. ಅದು ಯಾವ ರೇಟಿಂಗ್‌ನಲ್ಲೂ ಬರುವುದಿಲ್ಲ. ಇತ್ತೀಚೆಗೆ ಮನೆಯಲ್ಲಿ ಏನಾಗಿದೆ, ಶಾಲೆಯಲ್ಲಿ ಯಾರಾದರೂ ಕಾಡಿಸುತ್ತಿದ್ದಾರಾ, ರಾತ್ರಿ ನಿದ್ದೆ ಮಾಡುತ್ತದಾ, ಇದನ್ನೆಲ್ಲ ನೋಡಿ. ಮತ್ತೆ, ನಮ್ಮ ಮನೆಗಳಲ್ಲಿ ಹಾಲ್ ಒಂದೇ, ಟಿವಿ ಒಂದೇ. ಹದಿನೈದರವಳು ನೋಡುವಾಗ ಆರು ವರ್ಷದ ತಮ್ಮ ಪಕ್ಕದಲ್ಲೇ ಕೂತಿರುತ್ತಾನೆ, ಅವನದ್ದೂ ಲೆಕ್ಕಕ್ಕೆ ಇರಲಿ.

ಹೇಳುವುದು ಹೇಗೆ

ನನ್ನ ಹತ್ತಿರ ಮೂರು ಉತ್ತರಗಳಿವೆ. ನೋಡು, ಇಬ್ಬರೂ ಕೂಡಿ ನೋಡೋಣ, ಈಗ ಬೇಡ. ಈಗ ಬೇಡ ಅಂದರೆ ಮತ್ತೆ ಯಾವಾಗ ಅಂತ ಹೇಳಿಬಿಡಿ, ಏಕೆ ಅಂತಲೂ ಹೇಳಿ. "ಐದನೇ ಕಂತಿನಾಗ ಇಂಥದ್ದೊಂದು ಅದ, ಅದಕ್ಕ ಬ್ಯಾಡ ಅಂತೀನಿ" ಅಂದರೆ ಮಕ್ಕಳು ಮುಖ ಊದಿಸಿಕೊಂಡರೂ ಒಪ್ಪುತ್ತಾರೆ. ಸುಮ್ನೆ ಬೈದರೆ ಗೆಳತಿಯ ಮೊಬೈಲ್‌ನಲ್ಲಿ ನೋಡುತ್ತಾರೆ.

ಕೂಡಿ ನೋಡುವಾಗ ಮುಜುಗರದ ದೃಶ್ಯ ಬಂದರೆ ರಿಮೋಟ್‌ಗೆ ಹಾರಬೇಡಿ. ಇಂಥದ್ದು ಬರುತ್ತದೆ ಅಂತ ನಿಮಗೆ ಮೊದಲೇ ಗೊತ್ತಿರುತ್ತದೆ, "ಇದನ್ನ ದಾಟಿಸ್ತೀನಿ" ಅಂತ ಹೇಳಿ ದಾಟಿಸಿ. ಕಂತು ಮುಗಿದ ಮೇಲೆ ಒಂದೇ ಪ್ರಶ್ನೆ ಸಾಕು. ಬಾತ್‌ರೂಮಿನಲ್ಲಿ ಏಟು ತಿಂದ ಆ ಹುಡುಗನ ಬಗ್ಗೆ ನಾನು ಕೇಳಿದ್ದು, "ಆ ಹುಡುಗನ ಜಾಗದಾಗ ನೀ ಇದ್ದಿದ್ರ ಯಾರಿಗೆ ಹೇಳ್ತಿದ್ದಿ?" ಮಗಳು ಅವಳ ಅತ್ತೆಯ ಹೆಸರು ಹೇಳಿದಳು. ನನ್ನ ಹೆಸರು ಬರಲಿಲ್ಲ. ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು.

ಲಾಕ್ ಹಾಕುವುದು ಐದು ನಿಮಿಷದ ಕೆಲಸ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಲಾಕ್ ಹಾಕುವ ಸೌಲಭ್ಯವನ್ನು ಒಟಿಟಿಗಳು ಕೊಡಲೇಬೇಕು. ಮಗುವಿಗೆ ಬೇರೆ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಇಡಿ. ಹುಟ್ಟಿದ ವರ್ಷವನ್ನು ಪಿನ್ ಮಾಡಬೇಡಿ, ಮಕ್ಕಳು ಮೊದಲು ಒತ್ತುವುದೇ ಅದನ್ನು. ಮುಂದಿನ ಕಂತು ತಾನೇ ಶುರುವಾಗುವುದನ್ನು ಬಂದ್ ಮಾಡಿ. ಗುರುತು ತಪ್ಪಾಗಿದೆ ಅನಿಸಿದರೆ ಆ ಒಟಿಟಿಯ ದೂರು ಅಧಿಕಾರಿಗೆ ಬರೆಯಿರಿ, 15 ದಿನದೊಳಗೆ ಅವರು ತೀರ್ಮಾನ ಹೇಳಬೇಕು.

ಆಗಲೇ ನೋಡಿಬಿಟ್ಟಿದ್ದರೆ? ಬೈಯಬೇಡಿ. ಏನು ನೋಡಿದೆ, ಯಾವುದು ಮನಸ್ಸಿನಲ್ಲಿ ಉಳಿದಿದೆ ಅಂತ ಕೇಳಿ. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ ತಡ ಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ದಾರಿ ನನಗೆ ಹೊಳೆದದ್ದು ಮಗಳಿಂದಲೇ. ಆ ಸೀರೀಸ್‌ನ ಮೂರನೇ ಕಂತನ್ನು ಇಬ್ಬರೂ ಕೂಡಿ ನೋಡಿದ ಮೇಲೆ ಅವಳೇ ಅಂದಳು, "ಮುಂದಿಂದು ನೋಡಂಗಿಲ್ಲ ಮಮ್ಮಿ, ನೀನೇ ಹೇಳಿಬಿಡು." ಕೊನೆಯ ಕಂತು ನಾನು ನೋಡಿಯೇ ಇದ್ದೆ. ಕರೆಂಟ್ ಹೋಗಿತ್ತು, ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಬಾತ್‌ರೂಮಿನ ಆ ಹುಡುಗನಿಗೆ ಏನಾಯಿತು, ವಿಡಿಯೊ ಮಾಡಿದವನಿಗೆ ಏನಾಯಿತು ಅಂತ ಪೂರ್ತಿ ಕಥೆ ಹೇಳಿದೆ. ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದಳು, ಮುಗಿಯುವ ಹೊತ್ತಿಗೆ ನಿದ್ದೆ ಹೋಗಿದ್ದಳು.