ಮುಖ ಕೊಯ್ಯದೆ ಇನ್ವರ್ಟೆಡ್ ಪ್ಯಾಪಿಲೋಮಾ ತೆಗೆದ ನನ್ನ ಅನುಭವ

ಮ್ಯಾಕ್ಸಿಲರಿ ಸೈನಸ್‌ನ (ಕೆನ್ನೆಯ ಮೂಳೆಯೊಳಗಿನ ಗಾಳಿಗೂಡಿನ) ಇನ್ವರ್ಟೆಡ್ ಪ್ಯಾಪಿಲೋಮಾವನ್ನು, ಅಂದರೆ ಒಳಮುಖವಾಗಿ ಬೆಳೆಯುವ ಗಡ್ಡೆಯನ್ನು, ತುಮಕೂರಿನಲ್ಲಿಯೇ, ಮೂಗಿನ ಹೊಳ್ಳೆಯ ಮೂಲಕವೇ ಪೂರ್ತಿ ತೆಗೆಯುತ್ತೇನೆ ಎಂದಾಗ ಹಿರಿಯ ಸಹೋದ್ಯೋಗಿಗಳು ಒಪ್ಪಲಿಲ್ಲ. ಲ್ಯಾಟರಲ್ ರೈನಾಟಮಿ (ಮೂಗಿನ ಪಕ್ಕದಲ್ಲಿ ಮುಖ ಕೊಯ್ಯುವುದು) ಮಾಡಿ ಕಣ್ಣಾರೆ ಕಂಡು ತೆಗೆದರೂ ಮರಳುವ ಗಡ್ಡೆ ಎಂಡೋಸ್ಕೋಪ್‌ಗೆ ಬಗ್ಗುತ್ತದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ನನ್ನ ಮೊದಲ ರೋಗಿಗಳು ಈಗ ಐದು ವರ್ಷ ದಾಟಿದ್ದಾರೆ. ಅವರಲ್ಲಿ ಗಡ್ಡೆ ಮರಳಿಲ್ಲ.

ಅದು ಮರಳುವುದು ಹೊಳ್ಳೆಯಲ್ಲಿ ಕಾಣುವ ಭಾಗದಿಂದಲ್ಲ, ಅದು ಮೂಳೆಗೆ ಅಂಟಿರುವ ಬೇರಿನಿಂದ. ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರಿಗೆ ಬೇರೆಡೆ ಎರಡು ಬಾರಿ ಪಾಲಿಪ್ (ಮೂಗಿನೊಳಗಿನ ಸಾದಾ ಮೆದು ಗಂಟು) ಎಂದು ಶಸ್ತ್ರಚಿಕಿತ್ಸೆಯಾಗಿತ್ತು. ಎರಡು ಸಲವೂ ಮೂಗು ಸ್ವಚ್ಛವಾಗಿತ್ತು, ಬೇರು ಉಳಿದಿತ್ತು. ಅವರ ಸಿ.ಟಿ.ಯಲ್ಲಿ ಸೈನಸ್‌ನ ಮುಂಗೋಡೆಯ ಕೆಳಭಾಗದಲ್ಲಿ ಮೂಳೆ ಒಂದೇ ಕಡೆ ದಪ್ಪಗಾಗಿದ್ದುದನ್ನು ಕಂಡು, ಬೇರು ಅಲ್ಲಿಯೇ ಇರಬೇಕೆಂದು ಗುರುತು ಹಾಕಿಕೊಂಡೆ. ಎಂ.ಆರ್.ಐ.ಗೆ ಏಳೆಂಟು ಸಾವಿರ ರೂಪಾಯಿ ಹೆಚ್ಚಾಯಿತಾದರೂ, ಸೈನಸ್ ತುಂಬಿದ್ದರಲ್ಲಿ ಗಡ್ಡೆ ಎಷ್ಟು, ಕಟ್ಟಿಕೊಂಡ ಸಿಂಬಳ ಎಷ್ಟು ಎಂಬುದು ಅದರಿಂದ ತಿಳಿಯಿತು.

ಆ್ಯಂಟ್ರಾಸ್ಟಮಿ (ಮೂಗಿನಿಂದ ಸೈನಸ್‌ಗೆ ತೆರೆಯುವ ಕಿಂಡಿ) ದೊಡ್ಡದು ಮಾಡಿ, ಓರೆಯಾಗಿ ನೋಡುವ 70 ಡಿಗ್ರಿ ಸ್ಕೋಪ್ ಇಟ್ಟಾಗ ಬೇರು ಕಂಡಿತು, ಆದರೆ ಯಾವ ಬಾಗಿದ ಸಾಧನವೂ ಅಲ್ಲಿಗೆ ಮುಟ್ಟಲಿಲ್ಲ. ಹಾಗಾಗಿ ಪ್ರೀಲ್ಯಾಕ್ರಿಮಲ್ ದಾರಿ (ಕಣ್ಣೀರಿನ ನಾಳದ ಮುಂದಿನಿಂದ ಸೈನಸ್‌ಗೆ ಹೋಗುವುದು) ಹಿಡಿದೆ: ಕೆಳ ಟರ್ಬಿನೇಟ್‌ನ (ಮೂಗಿನ ಪಕ್ಕದ ಗೋಡೆಯಿಂದ ಚಾಚಿದ ಮೂಳೆಯ ಮಡಿಕೆಯ) ತಲೆಯ ಮುಂದೆ ಲೋಳೆಪೊರೆ ಕೊಯ್ದು, ಮೂಳೆಯವರೆಗೆ ಬಿಡಿಸಿ, ಟರ್ಬಿನೇಟ್ ಮತ್ತು ಕಣ್ಣೀರಿನ ನಾಳವನ್ನು ಒಟ್ಟಿಗೆ ಒಳಬದಿಗೆ ಸರಿಸಿದರೆ ನೇರಕ್ಕೆ ನೋಡುವ 0 ಡಿಗ್ರಿ ಸ್ಕೋಪ್ ನೇರವಾಗಿ ಮುಂಗೋಡೆಯ ಎದುರು ನಿಲ್ಲುತ್ತದೆ. ನಾಳದ ಮುಂದಿನ ಜಾಗ 3 ಮಿ.ಮೀ.ಗಿಂತ ಕಿರಿದಾಗಿದ್ದರೆ ಈ ಕೆಲಸ ಬಹಳ ಕಷ್ಟ. ಬೇರಿನ ಸುತ್ತಲಿನ ಪೊರೆಯನ್ನು ಪೆರಿಯಾಸ್ಟಿಯಂ (ಮೂಳೆಯ ಮೇಲಿನ ತೆಳು ಹೊದಿಕೆ) ಸಮೇತ ಎಬ್ಬಿಸಿ, ಒರಟು ಮೂಳೆ ನುಣುಪಾಗಿ ಬಿಳುಪು ಬರುವವರೆಗೆ ಡೈಮಂಡ್ ಬರ್‌ನಿಂದ (ಡ್ರಿಲ್ಲಿನ ತುದಿಯ ವಜ್ರಲೇಪಿತ ಗುಂಡಿನಿಂದ) ತೇಯ್ದೆ. ಸುಮಾರು ಮೂರೂವರೆ ಗಂಟೆ ಹಿಡಿಯಿತು. ಕೊನೆಗೆ ಪೊರೆಯನ್ನು ಹೊಲಿದು ಕೂರಿಸುವುದಕ್ಕೆ ನನ್ನದೇ ಒಂದು ಕ್ರಮವಿದೆ. ಅದನ್ನು ಥಿಯೇಟರಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ರಕ್ತಸ್ರಾವದ ಬಗ್ಗೆ ನನ್ನ ಅರಿವಳಿಕೆ ತಜ್ಞರಿಗೆ ನಾನು ಋಣಿ. ತಲೆಯ ಕಡೆ 15 ಡಿಗ್ರಿ ಎತ್ತರ, ರಕ್ತನಾಳದ ಮೂಲಕವೇ ಪೂರ್ಣ ಅರಿವಳಿಕೆ, ಸರಾಸರಿ ರಕ್ತದೊತ್ತಡ 65 ಮಿ.ಮೀ. ಪಾದರಸದ ಆಸುಪಾಸು. ಇದರ ಜೊತೆಗೆ ಬಿಸಿ ಸಲೈನ್‌ನಿಂದ ತೊಳೆದು ನೋಡಿದೆ. ಸಣ್ಣ ಜಿನುಗು ಬೇಗ ನಿಲ್ಲುತ್ತದೆ, ಲೆನ್ಸ್ ಮಂಜಾಗುವುದೂ ಕಡಿಮೆ. ಖರ್ಚಂತೂ ಏನೂ ಇಲ್ಲ.

ಖರ್ಚಿರುವುದು ಬರ್‌ನಲ್ಲಿ. ಬಾಗಿದ ಡೈಮಂಡ್ ಬರ್ ಒಂದಕ್ಕೆ ಹದಿನೈದು ಸಾವಿರದ ಹತ್ತಿರ ಬೀಳುತ್ತದೆ, ವಿಮೆಯ ಪ್ಯಾಕೇಜಿನಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಪ್ರೀಲ್ಯಾಕ್ರಿಮಲ್ ದಾರಿಯಲ್ಲಿ ಬೇರು ನೇರಕ್ಕೆ ಸಿಗುವುದರಿಂದ ಹೆಚ್ಚಿನವರಿಗೆ ಕಿವಿಯ ಶಸ್ತ್ರಚಿಕಿತ್ಸೆಗೆ ಬಳಸುವ ಡ್ರಿಲ್ಲಿನ ನೇರ ಬರ್ ಸಾಕಾಯಿತು. ಹೀಗಾಗಿ ಒಟ್ಟು ಬಿಲ್ಲು ಅರವತ್ತು ಸಾವಿರದೊಳಗೆ ನಿಂತಿತು.

ಮೈಕ್ರೋಡಿಬ್ರೈಡರ್ (ಗಡ್ಡೆಯನ್ನು ಕತ್ತರಿಸುತ್ತಲೇ ಹೀರುವ ಯಂತ್ರ) ಬಳಸುವವರು ಹೀರುವ ಕೊಳವೆಗೆ ಜಾಲರಿ ಹಾಕಿ, ಸಿಕ್ಕಿದ ಚೂರನ್ನೆಲ್ಲ ಪೆಥಾಲಜಿಗೆ ಕಳುಹಿಸಲೇಬೇಕು. ಈ ಗಡ್ಡೆಯೊಳಗೆ ಕ್ಯಾನ್ಸರ್ ಅಡಗಿರುವುದುಂಟು. ಬೇರಿನ ಜಾಗದ ತುಣುಕನ್ನು ನಾನು ಬೇರೆ ಡಬ್ಬಿಯಲ್ಲಿ ಕಳುಹಿಸುತ್ತೇನೆ. ಫ್ರಾಂಟಲ್ (ಹಣೆಯ) ಸೈನಸ್‌ನ ಹೊರತುದಿಯಲ್ಲಿ ಬೇರಿದ್ದರೆ ಹೊರಗಿನ ಕೊಯ್ತ ಇಂದಿಗೂ ಬೇಕಾಗಬಹುದು. ಹದಿಹರೆಯದ ಹುಡುಗರ ಆ್ಯಂಜಿಯೋಫೈಬ್ರೋಮಾವನ್ನು (ರಕ್ತನಾಳಗಳು ತುಂಬಿದ, ಮುಟ್ಟಿದರೆ ಹೆಚ್ಚು ರಕ್ತ ಸುರಿಸುವ ಗಡ್ಡೆ) ಮಾತ್ರ, ಮೊದಲು ಎಂಬೊಲೈಸೇಷನ್ (ಅದಕ್ಕೆ ರಕ್ತ ಕೊಡುವ ನಾಳಗಳನ್ನು ಮುಚ್ಚುವುದು) ಆಗಬೇಕಾದ್ದರಿಂದ, ಬಯಾಪ್ಸಿಗೂ ಮುಟ್ಟದೆ ಬೆಂಗಳೂರಿಗೆ ಕಳುಹಿಸುತ್ತೇನೆ.